ಒಂದೇ ಆ್ಯಪ್, ಮೂರು ಓಎಸ್: ಪ್ಲಗಿನ್‌ಗಳನ್ನು ರನ್‌ಟೈಮ್‌ನಲ್ಲಿ ಲೋಡ್ ಮಾಡುವುದು ಹೇಗೆ?

ಭೋಸರಿ_ಗೇಜ್ (ಪುಣೆ)

ಎಲ್ಲರಿಗೂ ನಮಸ್ಕಾರ. ಭೋಸರಿ, ಚಾಕಣ ಕಡೆಯ ಮಷಿನ್ ಶಾಪ್‌ಗಳಲ್ಲಿ ಅಳತೆ ದಾಖಲಿಸುವ ಡೆಸ್ಕ್‌ಟಾಪ್ ಆ್ಯಪ್‌ ಬಗ್ಗೆ ಪ್ರಶ್ನೆ. ಬರೆದದ್ದು ಸಿ++ 17ರಲ್ಲಿ, ಬಿಲ್ಡ್‌ಗೆ ಸಿಮೇಕ್. ಶಾಪ್ ಫ್ಲೋರ್‌ನಲ್ಲಿ ವಿಂಡೋಸ್, ಕೆಲವು ಕಡೆ ಉಬುಂಟು ಹಾಕಿದ ಪ್ಯಾನೆಲ್ ಪಿಸಿ, ಡಿಸೈನ್ ಆಫೀಸಿನಲ್ಲಿ ಮ್ಯಾಕ್. ಡಿಜಿಟಲ್ ವರ್ನಿಯರ್, ಹೈಟ್ ಗೇಜ್, ಸಿಎಂಎಂ (ಕೋಆರ್ಡಿನೇಟ್ ಮೆಷರಿಂಗ್ ಮಷಿನ್) ಹೀಗೆ ಒಂದೊಂದು ಉಪಕರಣಕ್ಕೂ ಒಂದೊಂದು ಡ್ರೈವರ್ ಕೋಡ್ ಇದೆ. ಸದ್ಯಕ್ಕೆ ಎಲ್ಲವೂ ಆ್ಯಪ್ ಒಳಗೇ ಕಂಪೈಲ್ ಆಗುತ್ತವೆ. ಹೊಸ ಗೇಜ್ ಬಂದಾಗಲೆಲ್ಲ ಎಲ್ಲ ಗಿರಾಕಿಗಳಿಗೂ ಇಡೀ ಆ್ಯಪ್ ಮತ್ತೆ ಕೊಡಬೇಕು.

ಡ್ರೈವರ್‌ಗಳನ್ನು ಪ್ಲಗಿನ್ (ಆ್ಯಪ್ ಓಡುವಾಗ ಬಂದು ಸೇರುವ ಪ್ರತ್ಯೇಕ ಫೈಲ್) ಮಾಡಿ ಹೊರಗಿಡಬೇಕು. ಕೆಲವನ್ನು ಉಪಕರಣದ ವೆಂಡರ್‌ಗಳೇ ಬರೆಯುತ್ತಾರೆ. ವರ್ಚುವಲ್ ಫಂಕ್ಷನ್‌ಗಳಿರುವ ಸಿ++ ಕ್ಲಾಸ್ ಒಂದನ್ನು ಹೆಡರ್‌ನಲ್ಲಿ ಕೊಟ್ಟರೆ ಸಾಕೇ? ಪ್ಲಗಿನ್ ಅವಲಂಬಿಸುವ ಬೇರೆ ಡಿಎಲ್ಎಲ್‌ಗಳನ್ನು (ವಿಂಡೋಸ್‌ನ ಶೇರ್ಡ್ ಲೈಬ್ರರಿ ಫೈಲ್‌ಗಳು) ಎಲ್ಲಿಡಬೇಕು? ಆ್ಯಪ್ ನಡೆಯುತ್ತಿರುವಾಗಲೇ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬಹುದೇ? ಒಂದು ಪ್ಲಗಿನ್ ಕ್ರ್ಯಾಶ್ ಆದರೆ ಆ್ಯಪ್ ಉಳಿಯುವಂತೆ ಮಾಡುವುದು ಹೇಗೆ?

ಮಾಟುಂಗಾ_ಸಿ (ಮುಂಬಯಿ)

ಮೊದಲ ಪ್ರಶ್ನೆಯೇ ಮುಖ್ಯವಾದದ್ದು ಸರ್. ಇದೊಂದು ಗಟ್ಟಿಯಾದರೆ ಉಳಿದವು ದಾರಿಗೆ ಬರುತ್ತವೆ.

ಸಿ++ ಕ್ಲಾಸನ್ನು ಆ್ಯಪ್ ಮತ್ತು ಪ್ಲಗಿನ್ ನಡುವಿನ ಗಡಿಯಲ್ಲಿ ಇಡಬೇಡಿ. ಎರಡೂ ಕಡೆ ಒಂದೇ ಕಂಪೈಲರ್, ಹೊಂದುವ ಆವೃತ್ತಿ, ಅದೇ ಫ್ಲ್ಯಾಗ್‌ಗಳು ಇದ್ದಾಗ ಮಾತ್ರ ಅದು ನಡೆಯುತ್ತದೆ. ವೆಂಡರ್ ಯಾವ ಕಂಪೈಲರ್ ಬಳಸಬೇಕೆಂದು ನೀವು ಕಟ್ಟುಪಾಡು ಹಾಕಲಾರಿರಿ. ವಿಂಡೋಸ್‌ನಲ್ಲೇ ವಿಷುವಲ್ ಸಿ++ ಮತ್ತು ಮಿಂಗ್‌ಡಬ್ಲ್ಯೂ ಎಂಬ ಎರಡು ಕಂಪೈಲರ್‌ಗಳೂ ಫಂಕ್ಷನ್ ಹೆಸರುಗಳನ್ನು ಬೇರೆ ಬೇರೆ ರೀತಿ ತಿರುಚುತ್ತವೆ, ಎಕ್ಸೆಪ್ಷನ್‌ಗಳನ್ನೂ ಬೇರೆ ರೀತಿ ನಿಭಾಯಿಸುತ್ತವೆ. ವಿಷುವಲ್ ಸಿ++ನಲ್ಲಿ ಡೀಬಗ್ ಬಿಲ್ಡ್‌ನ ಸ್ಟ್ರಿಂಗ್, ವೆಕ್ಟರ್‌ಗಳ ಒಳರಚನೆ ರಿಲೀಸ್ ಬಿಲ್ಡ್‌ನದಕ್ಕಿಂತ ಬೇರೆ. ಲಿನಕ್ಸ್‌ನಲ್ಲಿ 2015ರಲ್ಲಿ ಜಿಸಿಸಿ ಕಂಪೈಲರ್‌ನ 5ನೇ ಆವೃತ್ತಿ ಬಂದಾಗ ಸ್ಟ್ಯಾಂಡರ್ಡ್ ಸ್ಟ್ರಿಂಗ್‌ನ ರಚನೆಯೇ ಬದಲಾಯಿತು.

ಗಡಿಯಲ್ಲಿ ಅಪ್ಪಟ ಸಿ ಇರಲಿ. ಪ್ಲಗಿನ್ ಹೊರಗೆ ತೋರಿಸುವುದು ಎಕ್ಸ್‌ಟರ್ನ್ ಸಿ ಎಂದು ಘೋಷಿಸಿದ ಒಂದೇ ಫಂಕ್ಷನ್. ಹೆಸರು ಗೇಜ್_ಪ್ಲಗಿನ್_ಎಂಟ್ರಿ ಎಂದಿಟ್ಟುಕೊಳ್ಳಿ. ಅದು ಒಂದು ಸ್ಟ್ರಕ್ಟ್‌ನ ಪಾಯಿಂಟರ್ ಕೊಡುತ್ತದೆ. ಸ್ಟ್ರಕ್ಟ್‌ನ ಮೊದಲ ಫೀಲ್ಡ್ 32 ಬಿಟ್‌ನ ಎಬಿಐ (ಕಂಪೈಲ್ ಆದ ಕೋಡ್‌ಗಳ ನಡುವಿನ ಒಪ್ಪಂದ) ಆವೃತ್ತಿ, ಎರಡನೆಯದು ಸ್ಟ್ರಕ್ಟ್‌ನ ಗಾತ್ರ, ಅದೂ 32 ಬಿಟ್. ಅಲ್ಲಿಂದ ಮುಂದೆ ಫಂಕ್ಷನ್ ಪಾಯಿಂಟರ್‌ಗಳು: ಕ್ರಿಯೇಟ್, ಡಿಸ್ಟ್ರಾಯ್, ಓಪನ್, ರೀಡ್, ಕೊನೆಯ ದೋಷದ ವಿವರ. ಹೊಸ ಫಂಕ್ಷನ್ ಬೇಕಾದಾಗ ಸಾಲಿನ ತುದಿಗೇ ಸೇರಿಸಿ, ನಡುವೆ ತುರುಕಬೇಡಿ, ಇದ್ದುದರ ಕ್ರಮ ಬದಲಿಸಬೇಡಿ. ಆ ಪಾಯಿಂಟರ್ ಮುಟ್ಟುವ ಮೊದಲು ಪ್ಲಗಿನ್ ಹೇಳಿದ ಗಾತ್ರದೊಳಗೆ ಅದು ಬರುತ್ತದೆಯೇ ಎಂದು ಹೋಸ್ಟ್, ಅಂದರೆ ನಿಮ್ಮ ಆ್ಯಪ್, ನೋಡಬೇಕು. ಆಗ ಹಳೆಯ ಪ್ಲಗಿನ್ ಹೊಸ ಆ್ಯಪ್‌ನಲ್ಲೂ ಓಡುತ್ತದೆ. ಮೊದಲನೇ ಆವೃತ್ತಿಯಲ್ಲೇ ಈ ಎರಡು ಫೀಲ್ಡ್ ಇಡದಿದ್ದರೆ ಮುಂದೆ ಸೇರಿಸಲು ಜಾಗವೇ ಸಿಗುವುದಿಲ್ಲ.

ಡೇಟಾ ಟೈಪ್ ವಿಷಯ. ಲಾಂಗ್ ಎನ್ನುವುದು 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್, 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ 8 ಬೈಟ್. ಹಾಗಾಗಿ ಗಾತ್ರ ನಿಗದಿಯಾದ ಇಂಟ್32, ಇಂಟ್64, ಡಬಲ್ ಮಾತ್ರ ಬಳಸಿ. ಈನಮ್ ಬದಲು ಇಂಟ್32. ಸ್ಟ್ರಿಂಗ್ ಎಂದರೆ ಯುಟಿಎಫ್-8 ಪಾಯಿಂಟರ್ ಮತ್ತು ಉದ್ದ.

ಮೆಮೊರಿಯ ನಿಯಮ ಒಂದೇ: ಯಾರು ಪಡೆದರೋ ಅವರೇ ಬಿಡಬೇಕು. ವಿಂಡೋಸ್‌ನಲ್ಲಿ ಪ್ರತಿ ಡಿಎಲ್ಎಲ್‌ಗೂ ತನ್ನದೇ ಸಿ ರನ್‌ಟೈಮ್, ತನ್ನದೇ ಹೀಪ್ (ಮೆಮೊರಿ ಹಂಚುವ ಜಾಗ) ಇರಬಹುದು. ಪ್ಲಗಿನ್ ಮ್ಯಾಲಾಕ್ ಮಾಡಿದ್ದನ್ನು ಹೋಸ್ಟ್ ಫ್ರೀ ಮಾಡಿದರೆ ಹೀಪ್ ಕೆಡುತ್ತದೆ. ಕ್ರ್ಯಾಶ್ ಮಾತ್ರ ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಕಡೆ ಆಗುತ್ತದೆ. ಹೋಸ್ಟೇ ಬಫರ್ ಮತ್ತು ಅದರ ಗಾತ್ರ ಕೊಡುವುದು, ಪ್ಲಗಿನ್ ಅದನ್ನು ತುಂಬುವುದು ಎಲ್ಲಕ್ಕಿಂತ ಸರಳ.

ಎಕ್ಸೆಪ್ಷನ್ ಯಾವ ಕಾರಣಕ್ಕೂ ಗಡಿ ದಾಟಬಾರದು. ಗಡಿಯ ಪ್ರತಿ ಫಂಕ್ಷನ್‌ನಲ್ಲೂ ಎಲ್ಲವನ್ನೂ ಹಿಡಿಯುವ ಕ್ಯಾಚ್ ಇಟ್ಟು, ದೋಷದ ಸಂಖ್ಯೆಯನ್ನು ಇಂಟ್32 ಆಗಿ ಹಿಂದಿರುಗಿಸಿ. ಇದನ್ನೆಲ್ಲ ವೆಂಡರ್ ಕೈಯಿಂದಲೇ ಬರೆಯಲಿ ಎಂದು ಬಿಡಬೇಡಿ. ಹೆಡರ್‌ನಲ್ಲಷ್ಟೇ ಇರುವ ಚಿಕ್ಕ ಸಿ++ ರ‍್ಯಾಪರ್ ಕೊಡಿ. ಅದು ಅವರ ಕಂಪೈಲರ್‌ನಲ್ಲೇ ಕಂಪೈಲ್ ಆಗುವುದರಿಂದ ಗಡಿ ಸಿ ಆಗಿಯೇ ಉಳಿಯುತ್ತದೆ, ಬರೆಯುವವರಿಗೆ ಸಿ++ನ ಅನುಕೂಲವೂ ಸಿಗುತ್ತದೆ.

ಇದು ಹೊಸ ವಿದ್ಯೆಯಲ್ಲ. ಎಸ್‌ಕ್ಯೂಲೈಟ್‌ನ ಎಕ್ಸ್‌ಟೆನ್ಷನ್‌ಗಳು, 2022ರಲ್ಲಿ ಬಂದ ಕ್ಲ್ಯಾಪ್ ಎಂಬ ಆಡಿಯೋ ಪ್ಲಗಿನ್ ಮಾದರಿ, ಎರಡೂ ಸಿ ಗಡಿಯ ಮೇಲೇ ನಿಂತಿವೆ. ಕ್ಲ್ಯಾಪ್‌ನ ಹೆಡರ್‌ಗಳನ್ನು ಒಮ್ಮೆ ಓದಿ, ಬಹಳ ಅಚ್ಚುಕಟ್ಟಾಗಿವೆ.

ಹಿಂಜವಡಿ_ಸಿಮೇಕ್ (ಪುಣೆ)

ಮೇಲಿನ ಉತ್ತರಕ್ಕೆ ಬಿಲ್ಡ್ ಕಡೆಯಿಂದ ಸೇರಿಸುತ್ತೇನೆ.

ಸಿಮೇಕ್‌ನಲ್ಲಿ ಆ್ಯಡ್_ಲೈಬ್ರರಿ ಬರೆಯುವಾಗ ಶೇರ್ಡ್ ಅಲ್ಲ, ಮಾಡ್ಯೂಲ್ ಎಂದು ಕೊಡಿ. ರನ್‌ಟೈಮ್‌ನಲ್ಲಿ ಲೋಡ್ ಮಾಡಲೆಂದೇ ಇರುವ ಬಗೆ ಅದು, ಅದಕ್ಕೆ ಯಾರೂ ಲಿಂಕ್ ಮಾಡಿಕೊಳ್ಳುವುದಿಲ್ಲ. ಪ್ರಿಫಿಕ್ಸ್ ಗುಣವನ್ನು ಖಾಲಿ ಬಿಡಿ, ಇಲ್ಲದಿದ್ದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ಹೆಸರಿನ ಮುಂದೆ ಲಿಬ್ ಸೇರುತ್ತದೆ. ಮ್ಯಾಕ್‌ನಲ್ಲಿ ಮಾಡ್ಯೂಲ್‌ನ ಡೀಫಾಲ್ಟ್ ಎಕ್ಸ್‌ಟೆನ್ಷನ್ ಡಾಟ್ ಡೈಲಿಬ್ ಅಲ್ಲ, ಡಾಟ್ ಎಸ್ಓ. ಹೋಸ್ಟ್ ಫೋಲ್ಡರ್ ಹುಡುಕುವಾಗ ಡೈಲಿಬ್ ಮಾತ್ರ ನೋಡಿದರೆ ಪ್ಲಗಿನ್ ಕಣ್ಣಿಗೇ ಬೀಳುವುದಿಲ್ಲ. ಸಫಿಕ್ಸ್ ಗುಣದಲ್ಲಿ ಮೂರೂ ಓಎಸ್‌ಗೆ ನಿಮ್ಮದೇ ಒಂದು ಎಕ್ಸ್‌ಟೆನ್ಷನ್ ಇಟ್ಟರೆ ತಾಪತ್ರಯ ಇಲ್ಲ.

ಸಿಂಬಲ್‌ಗಳು (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳು) ವಿಂಡೋಸ್‌ನಲ್ಲಿ ಕೇಳಿದರೆ ಮಾತ್ರ ಹೊರಗೆ ಕಾಣುತ್ತವೆ, ಜಿಸಿಸಿ ಮತ್ತು ಕ್ಲ್ಯಾಂಗ್‌ನಲ್ಲಿ ಬೇಡವೆನ್ನದಿದ್ದರೆ ಎಲ್ಲವೂ ಕಾಣುತ್ತವೆ. ಆದ್ದರಿಂದ ವಿಸಿಬಿಲಿಟಿಯನ್ನು ಹಿಡನ್ ಮಾಡಿ, ಎಂಟ್ರಿ ಫಂಕ್ಷನ್ ಒಂದನ್ನೇ ಹೊರಬಿಡಿ. ಬಿಲ್ಡ್ ಆದ ಮೇಲೆ ಹೊರಗೆ ಏನೇನು ಕಾಣುತ್ತದೆಂದು ಲಿನಕ್ಸ್‌ನಲ್ಲಿ ಎನ್ಎಂ ಟೂಲ್‌ಗೆ ಡ್ಯಾಶ್ ದೊಡ್ಡ ಡಿ ಕೊಟ್ಟು, ವಿಂಡೋಸ್‌ನಲ್ಲಿ ಡಂಪ್‌ಬಿನ್‌ಗೆ ಎಕ್ಸ್‌ಪೋರ್ಟ್ಸ್ ಕೊಟ್ಟು ನೋಡಿ.

ಲಿನಕ್ಸ್ ಲಿಂಕರ್ ಇನ್ನೊಂದು ಕಡೆ ಕೈಕೊಡುತ್ತದೆ. ಶೇರ್ಡ್ ಲೈಬ್ರರಿಯಲ್ಲಿ ಯಾವುದೋ ಫಂಕ್ಷನ್ ಸಿಗದೇ ಇದ್ದರೂ ಬಿಲ್ಡ್ ಸುಮ್ಮನೆ ಮುಗಿಯುತ್ತದೆ, ಗಿರಾಕಿಯ ಪಿಸಿಯಲ್ಲಿ ಲೋಡ್ ಮಾಡುವಾಗ ದೋಷ ಬರುತ್ತದೆ. ಲಿಂಕರ್‌ಗೆ ನೋ-ಅನ್‌ಡಿಫೈನ್ಡ್ ಆಯ್ಕೆ ಕೊಟ್ಟರೆ ಬಿಲ್ಡ್‌ನಲ್ಲೇ ಗೊತ್ತಾಗುತ್ತದೆ.

ಪ್ಲಗಿನ್ ನೇರವಾಗಿ ಹೋಸ್ಟ್‌ನ ಫಂಕ್ಷನ್‌ಗಳನ್ನು ಹೆಸರು ಹಿಡಿದು ಕರೆಯುವಂತೆಯೂ ಮಾಡಬೇಡಿ. ವಿಂಡೋಸ್‌ನಲ್ಲಿ ಅದಕ್ಕೆ ಆ್ಯಪ್‌ನ ಇಂಪೋರ್ಟ್ ಲೈಬ್ರರಿ ಬೇಕು, ಅದು ಎಕ್ಸ್ಇ ಫೈಲಿನ ಹೆಸರಿಗೇ ಅಂಟಿಕೊಂಡಿರುತ್ತದೆ. ಎಕ್ಸ್ಇ ಹೆಸರು ಬದಲಾದ ದಿನ ಎಲ್ಲ ಪ್ಲಗಿನ್‌ಗಳೂ ನಿಲ್ಲುತ್ತವೆ. ಲಾಗ್ ಮಾಡುವುದು, ಸೆಟ್ಟಿಂಗ್ ಓದುವುದು ಮೊದಲಾದ ಹೋಸ್ಟ್ ಸೇವೆಗಳನ್ನೂ ಒಂದು ಫಂಕ್ಷನ್ ಪಾಯಿಂಟರ್ ಪಟ್ಟಿಯಾಗಿ ಎಂಟ್ರಿ ಫಂಕ್ಷನ್‌ಗೆ ಕೊಟ್ಟುಬಿಡಿ.

ಭೋಸರಿ_ಗೇಜ್ (ಪುಣೆ)

ಇಬ್ಬರಿಗೂ ಧನ್ಯವಾದ. ಸಿ ಗಡಿಯ ಮಾದರಿ ಪ್ಲಗಿನ್ ಲಿನಕ್ಸ್‌ನಲ್ಲಿ ಲೋಡ್ ಆಯಿತು. ವಿಂಡೋಸ್‌ನಲ್ಲಿ ಅಭಿವೃದ್ಧಿಯ ಪಿಸಿಯಲ್ಲಿ ಸರಿ, ಶಾಪ್‌ನ ಪಿಸಿಯಲ್ಲಿ ಎರರ್ 126. ಫೈಲ್ ಹೇಳಿದ ಜಾಗದಲ್ಲೇ ಇದೆ, ಪಾತ್ ಕೂಡ ಸರಿ ಇದೆ. ಇನ್ನೊಬ್ಬ ವೆಂಡರ್‌ನ ಹಳೆಯ ಡಿಎಲ್ಎಲ್‌ಗೆ 193 ಬರುತ್ತಿದೆ.

ವೆರ್ಣಾ_ಲಿನಕ್ಸ್ (ಗೋವಾ)

126 ಅಂದ್ರ ನೀವು ಕೇಳಿದ ಫೈಲೇ ಇಲ್ಲ ಅಂತ ಅಲ್ರಿ. ಆ ಫೈಲಿಗೆ ಬೇಕಾದ ಮತ್ತೊಂದು ಡಿಎಲ್ಎಲ್ ಸಿಗದಿದ್ರೂ ಇದೇ ನಂಬರ್ ಬರತೈತಿ. ಯಾವುದು ಸಿಗಲಿಲ್ಲ ಅನ್ನೋದನ್ನ ವಿಂಡೋಸ್ ಹೇಳೂದಿಲ್ಲ, ಅದಕ್ಕ ಮಂದಿ ದಿನಗಟ್ಟಲೆ ಹುಡುಕ್ತಾರ. ಡಂಪ್‌ಬಿನ್‌ಗೆ ಡಿಪೆಂಡೆಂಟ್ಸ್ ಆಯ್ಕೆ ಕೊಡ್ರಿ, ಇಲ್ಲಾಂದ್ರ ಡಿಪೆಂಡೆನ್ಸೀಸ್ ಅನ್ನೋ ಓಪನ್ ಸೋರ್ಸ್ ಟೂಲ್‌ನ್ಯಾಗ ಆ ಡಿಎಲ್ಎಲ್ ತೆಗೀರಿ. ಅಭಿವೃದ್ಧಿಯ ಪಿಸಿಯಾಗ ನಡೆದು ಶಾಪ್‌ನ್ಯಾಗ ನಡೀಲಿಲ್ಲಂದ್ರ ಮೊದಲು ನೋಡೂದು ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ (ಅದರ ರನ್‌ಟೈಮ್ ಫೈಲ್ ಕೊಡೋ ಇನ್‌ಸ್ಟಾಲರ್) ಹಾಕ್ಯಾರೇನು ಅಂತ. ಆಮ್ಯಾಲೆ, ಡೀಬಗ್ ಬಿಲ್ಡ್ ಕಳಿಸೀರೇನು ಅಂತ. ಡೀಬಗ್ ರನ್‌ಟೈಮ್ ವಿಷುವಲ್ ಸ್ಟುಡಿಯೋ ಇಲ್ಲದ ಪಿಸಿಯಾಗ ಇರೂದಿಲ್ಲ. ಮೂರನೇದು ವೆಂಡರ್‌ನ ಎಸ್‌ಡಿಕೆ (ಉಪಕರಣದ ಜೋಡಿ ಕೊಡೋ ಕೋಡ್ ಕಿಟ್) ಡಿಎಲ್ಎಲ್ ಐತೇನು ಅಂತ.

193 ಬ್ಯಾರೆ ಮಾತು. 64 ಬಿಟ್ ಪ್ರೊಸೆಸ್ 32 ಬಿಟ್ ಡಿಎಲ್ಎಲ್ ಎತ್ತಲಿಕ್ಕೆ ಹೋದಾಗ ಬರೂದು. ಅದಕ್ಕ ಲೋಡಿಂಗ್‌ನ್ಯಾಗ ಪರಿಹಾರ ಇಲ್ಲ. 127 ಬಂದ್ರ ಡಿಎಲ್ಎಲ್ ಸಿಕ್ಕೈತಿ, ಅದರಾಗಿನ ಫಂಕ್ಷನ್ ಸಿಕ್ಕಿಲ್ಲ ಅಂತ ತಿಳೀರಿ.

ಈಗ ಫೋಲ್ಡರ್ ವಿಚಾರ. ಪ್ರತಿ ಪ್ಲಗಿನ್‌ಗೂ ಅದರದೇ ಫೋಲ್ಡರ್ ಕೊಡ್ರಿ, ಅದಕ್ಕ ಬೇಕಾದ ಡಿಎಲ್ಎಲ್ ಎಲ್ಲಾ ಅದರಾಗೇ ಇರಲಿ. ಆದ್ರ ಬರೇ ಲೋಡ್‌ಲೈಬ್ರರಿ (ಡಿಎಲ್ಎಲ್ ಎತ್ತೋ ವಿಂಡೋಸ್ ಫಂಕ್ಷನ್) ಕರದ್ರ ವಿಂಡೋಸ್ ಎಕ್ಸ್ಇ ಇರೋ ಫೋಲ್ಡರ್, ಸಿಸ್ಟಮ್ ಫೋಲ್ಡರ್, ಪಾತ್ ವೇರಿಯಬಲ್ ನೋಡತೈತಿ ಹೊರತು ಪ್ಲಗಿನ್ ಫೋಲ್ಡರ್ ನೋಡೂದಿಲ್ಲ. ಲೋಡ್‌ಲೈಬ್ರರಿಎಕ್ಸ್‌ನ ಡಬ್ಲ್ಯೂ ರೂಪ ಬಳಸ್ರಿ, ಪೂರ್ತಿ ಪಾತ್ ಕೊಡ್ರಿ, ಜೋಡಿ ಎರಡು ಫ್ಲ್ಯಾಗ್: ಸರ್ಚ್_ಡಿಎಲ್ಎಲ್_ಲೋಡ್_ಡೈರ್ ಮತ್ತು ಸರ್ಚ್_ಡೀಫಾಲ್ಟ್_ಡೈರ್ಸ್. ಪಾತ್ ವೇರಿಯಬಲ್ ಮಾತ್ರ ತಿದ್ದಬ್ಯಾಡ್ರಿ, ಬ್ಯಾರೆ ಯಾರದೋ ಡಿಎಲ್ಎಲ್ ಒಳಗ ಬರಲಿಕ್ಕೆ ಬಾಗಿಲು ತೆಗೆದಂಗ ಆಗತೈತಿ. ಡಬ್ಲ್ಯೂ ರೂಪ ಯಾಕಂದ್ರ ನಿಮ್ಮ ಕಡೆ ಯೂಸರ್ ಫೋಲ್ಡರ್ ಹೆಸರು ದೇವನಾಗರಿಯಾಗ ಇರಬಹುದು, ಎ ರೂಪ ಅಲ್ಲಿ ಎಡವತೈತಿ. ಸೆಟ್‌ಎರರ್‌ಮೋಡ್ ಕರೆದು ಕ್ರಿಟಿಕಲ್ ಎರರ್ ಡಬ್ಬಿನೂ ಬಂದ್ ಮಾಡ್ರಿ. ಇಲ್ಲಾಂದ್ರ ಆಪರೇಟರ್ ಮುಂದ ಡೈಲಾಗ್ ಬಂದು ಲೈನ್ ನಿಂತು ಬಿಡತೈತಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಫೋಲ್ಡರ್ ಬ್ಯಾರೆ ಇದ್ದ ಮಾತ್ರಕ್ಕ ಡಿಎಲ್ಎಲ್ ಬ್ಯಾರೆ ಆಗೂದಿಲ್ಲ. ಎರಡು ಪ್ಲಗಿನ್ ಒಂದೇ ಹೆಸರಿನ ಎಸ್‌ಡಿಕೆ ಡಿಎಲ್ಎಲ್‌ನ ಎರಡು ಆವೃತ್ತಿ ತಂದ್ರ, ಮೊದಲು ಯಾವುದು ಪ್ರೊಸೆಸ್ ಒಳಗ ಬಂತೋ ಅದನ್ನೇ ವಿಂಡೋಸ್ ಎರಡನೇದಕ್ಕೂ ಕೊಡತೈತಿ. ಲಿನಕ್ಸ್‌ನ್ಯಾಗೂ ಎಸ್ಓನೇಮ್ (ಲೈಬ್ರರಿ ಒಳಗ ಬರೆದ ಹೆಸರು) ಒಂದೇ ಇದ್ರ ಹಂಗೇ. ಅದಕ್ಕ ಪ್ಲಗಿನ್ ಲೋಡ್ ಮಾಡೋ ಕ್ರಮ ಬದಲಾದ್ರ ಬಗ್ ಬರೂದು, ಹೋಗೂದು ಆಗತೈತಿ. ಸಣ್ಣ ಲೈಬ್ರರಿಗಳನ್ನ ಪ್ಲಗಿನ್ ಒಳಗೇ ಸ್ಟ್ಯಾಟಿಕ್ ಆಗಿ ಸೇರಿಸ್ರಿ ಅಂತ ವೆಂಡರ್‌ಗೆ ಬರೆದು ಕೊಡ್ರಿ.

ಲಿನಕ್ಸ್ ಕಡೆ: ಪ್ಲಗಿನ್‌ನ ರನ್‌ಪಾತ್ (ಲೈಬ್ರರಿ ಹುಡುಕೋ ಜಾಗ) ಡಾಲರ್ ಗುರುತಿನ ಒರಿಜಿನ್ ಇರಲಿ, ಅಂದ್ರ ಅದು ಇದ್ದ ಫೋಲ್ಡರ್‌ನ್ಯಾಗೇ ಹುಡುಕತೈತಿ. ಲೋಡ್ ಮಾಡೋ ಫಂಕ್ಷನ್ ಡಿಎಲ್ಓಪನ್‌ಗೆ ಕೊಡೋ ಹೆಸರಿನ್ಯಾಗ ಒಂದು ಸ್ಲ್ಯಾಶ್ ಆದರೂ ಇರಬೇಕು, ಇಲ್ಲಾಂದ್ರ ಅದು ಸಿಸ್ಟಮ್ ಲೈಬ್ರರಿ ಜಾಗದಾಗ ಹುಡುಕಲಿಕ್ಕೆ ಹೋಗತೈತಿ. ಫ್ಲ್ಯಾಗ್ ನೌ ಮತ್ತು ಲೋಕಲ್. ಲೇಜಿ ಕೊಟ್ರ ಸಿಗದ ಫಂಕ್ಷನ್ ಲೋಡ್ ಮಾಡುವಾಗ ಗೊತ್ತಾಗೂದಿಲ್ಲ, ಮೊದಲ ಸಲ ಕರೆದಾಗ ಪ್ರೊಸೆಸ್ ಸಾಯತೈತಿ. ಡಿಎಲ್ಎರರ್ ಕೊಟ್ಟ ಮಾತು ಒಂದೇ ಸಲ ಸಿಗತೈತಿ, ಕೂಡಲೇ ಲಾಗ್‌ಗೆ ಕಾಪಿ ಮಾಡ್ಕೋರಿ.

ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಆವೃತ್ತಿನೂ ನೋಡ್ರಿ. ಉಬುಂಟು 22.04ರಾಗ 2.35, 20.04ರಾಗ 2.31. ಹೊಸದರಾಗ ಬಿಲ್ಡ್ ಮಾಡಿದ್ದು ಹಳೇದರಾಗ ಜಿಲಿಬ್‌ಸಿ 2.34 ಸಿಗಲಿಲ್ಲ ಅಂತ ನಿಲ್ಲಬಹುದು. ನಿಮ್ಮ ಗಿರಾಕಿಗಳ ಕಡೆ ಇರೋದರಾಗ ಎಲ್ಲಕ್ಕಿಂತ ಹಳೇ ಉಬುಂಟು ಯಾವುದೋ, ಅದರ ಕಂಟೇನರ್ ಒಳಗ ಬಿಲ್ಡ್ ಮಾಡ್ರಿ.

ಡೊಂಬಿವಲಿ_ಮ್ಯಾಕ್ (ಮುಂಬಯಿ)

ಮ್ಯಾಕ್‌ನಲ್ಲಿ ಕೋಡ್‌ಗಿಂತ ಡಿಜಿಟಲ್ ಸಹಿಯದೇ ದೊಡ್ಡ ಕೆಲಸ. ನೋಟರೈಸ್ ಆಗಬೇಕಾದರೆ (ಆ್ಯಪಲ್ ಪರೀಕ್ಷಿಸಿ ಒಪ್ಪಬೇಕಾದರೆ) ಆ್ಯಪ್‌ಗೆ ಹಾರ್ಡನ್ಡ್ ರನ್‌ಟೈಮ್ (ಬಿಗಿ ಭದ್ರತೆಯ ಮೋಡ್) ಇರಲೇಬೇಕು. ಅದರ ಜೊತೆ ಲೈಬ್ರರಿ ವ್ಯಾಲಿಡೇಷನ್ ಬರುತ್ತದೆ: ಆ್ಯಪಲ್ ಸಹಿ ಮಾಡಿದ್ದು ಅಥವಾ ನಿಮ್ಮದೇ ಟೀಮ್ ಐಡಿಯ ಸಹಿ ಇರುವುದು ಮಾತ್ರ ಲೋಡ್ ಆಗುತ್ತದೆ. ವೆಂಡರ್ ತನ್ನ ಸಹಿ ಹಾಕಿದ ಪ್ಲಗಿನ್‌ಗೆ ಪ್ರವೇಶವಿಲ್ಲ. ಎಂಟೈಟಲ್‌ಮೆಂಟ್‌ನಲ್ಲಿ (ಸಹಿಯ ಜೊತೆ ಸೇರುವ ಅನುಮತಿ ಪಟ್ಟಿ) ಡಿಸೇಬಲ್-ಲೈಬ್ರರಿ-ವ್ಯಾಲಿಡೇಷನ್ ಕೊಟ್ಟರೆ ಈ ತಡೆ ಹೋಗುತ್ತದೆ.

ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಸಹಿ ಇಲ್ಲದ ಆರ್ಮ್64 ಕೋಡ್ ಓಡುವುದೇ ಇಲ್ಲ. ಕಡೆಯ ಪಕ್ಷ ಆ್ಯಡ್-ಹಾಕ್ ಸಹಿಯಾದರೂ ಬೇಕು, ಅದನ್ನು ಲಿಂಕರ್ ತಾನೇ ಹಾಕುತ್ತದೆ. ಆದರೆ ಆಮೇಲೆ ಸ್ಟ್ರಿಪ್ ಅಥವಾ ಇನ್‌ಸ್ಟಾಲ್-ನೇಮ್-ಟೂಲ್ ಓಡಿಸಿದರೆ ಸಹಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಬೇಕಿದ್ದರೆ ಮತ್ತೆ ಹಾಕಿ. ಆ್ಯಪ್ ರೊಸೆಟ್ಟಾದಲ್ಲಿ (ಇಂಟೆಲ್ ಕೋಡ್ ಅನುವಾದಕ) ಇಂಟೆಲ್ ಆಗಿ ಓಡುತ್ತಿದ್ದರೆ ಆರ್ಮ್ ಪ್ಲಗಿನ್ ಅದರೊಳಗೆ ಬಾರದು, ತಿರುಗಿಸಿದರೂ ಅಷ್ಟೇ. ಎರಡನ್ನೂ ಲೈಪೋ ಟೂಲ್‌ನಿಂದ ಸೇರಿಸಿದ ಯೂನಿವರ್ಸಲ್ ಫೈಲ್ ಕೇಳಿ ಪಡೆಯಿರಿ.

ಪ್ಲಗಿನ್‌ಗಳನ್ನು ಆ್ಯಪ್ ಬಂಡಲ್ ಒಳಗೆ ಹಾಕಬೇಡಿ, ಬಂಡಲ್‌ನ ಸಹಿ ಮುರಿಯುತ್ತದೆ. ಜಾಗ ಲೈಬ್ರರಿ ಫೋಲ್ಡರ್‌ನ ಅಪ್ಲಿಕೇಷನ್ ಸಪೋರ್ಟ್. ಅಪ್‌ಡೇಟ್ ಮಾಡುವಾಗ ಹಳೆಯ ಫೈಲಿನ ಮೇಲೆಯೇ ಬರೆಯಬೇಡಿ. ಆ ಫೈಲಿನ ಹಳೆಯ ಸಹಿ ಕರ್ನೆಲ್‌ನ ನೆನಪಿನಲ್ಲಿ ಉಳಿದು ಪ್ರೊಸೆಸ್‌ ಅನ್ನು ಕೊಲ್ಲುತ್ತದೆ. ಬೇರೆ ಹೆಸರಿನಲ್ಲಿ ಬರೆದು ರೀನೇಮ್ ಮಾಡಿ.

ಭೋಸರಿ_ಗೇಜ್ (ಪುಣೆ)

126ಕ್ಕೆ ಕಾರಣ ರೀಡಿಸ್ಟ್ರಿಬ್ಯೂಟಬಲ್ ಇಲ್ಲದ್ದು, ಈಗ ಸರಿಯಾಯಿತು. ಆದರೆ ಲೈಬ್ರರಿ ವ್ಯಾಲಿಡೇಷನ್ ಇಡೀ ಆ್ಯಪ್‌ಗೆ ತೆಗೆಯುವುದು ಒಪ್ಪಿಗೆಯಾಗುತ್ತಿಲ್ಲ. 32 ಬಿಟ್ ಡಿಎಲ್ಎಲ್‌ಗೆ ಆ ವೆಂಡರ್ 64 ಬಿಟ್ ಕೊಡುವ ಸೂಚನೆಯೂ ಇಲ್ಲ.

ಅಂಧೇರಿ_ಆಡಿಯೋ (ಮುಂಬಯಿ)

ಎರಡಕ್ಕೂ, ಪ್ಲಗಿನ್ ಕ್ರ್ಯಾಶ್ ಆದರೂ ಆ್ಯಪ್ ಉಳಿಯಬೇಕೆಂಬ ನಿಮ್ಮ ನಾಲ್ಕನೇ ಪ್ರಶ್ನೆಗೂ ಒಂದೇ ಉತ್ತರ: ವೆಂಡರ್ ಪ್ಲಗಿನ್‌ಗಳನ್ನು ನಿಮ್ಮ ಪ್ರೊಸೆಸ್‌ನಲ್ಲಿ ಲೋಡ್ ಮಾಡಬೇಡಿ. ಚಿಕ್ಕದೊಂದು ಸಹಾಯಕ ಪ್ರೋಗ್ರಾಂ ಬರೆದು, ಪ್ಲಗಿನ್‌ಗೊಂದರಂತೆ ಅದನ್ನು ಓಡಿಸಿ. ಡಿಎಲ್ಓಪನ್, ಲೋಡ್‌ಲೈಬ್ರರಿ ಎಲ್ಲ ಅದರೊಳಗೆ ನಡೆಯಲಿ. ಎಂಟೈಟಲ್‌ಮೆಂಟ್ ಪ್ರತಿ ಎಕ್ಸಿಕ್ಯೂಟಬಲ್‌ಗೂ ಪ್ರತ್ಯೇಕ, ಹಾಗಾಗಿ ಸಡಿಲಿಕೆ ಸಹಾಯಕನಿಗೆ ಮಾತ್ರ ಸಾಕು, ಮುಖ್ಯ ಆ್ಯಪ್ ಬಿಗಿಯಾಗಿಯೇ ಇರುತ್ತದೆ. ಅದೇ ಸಹಾಯಕನನ್ನು ವಿಂಡೋಸ್‌ನಲ್ಲಿ 32 ಬಿಟ್ ಆಗಿಯೂ ಬಿಲ್ಡ್ ಮಾಡಿದರೆ ಹಳೆಯ ಡಿಎಲ್ಎಲ್ ಓಡುತ್ತದೆ. ಅಲ್ಲಿ ಮಾತ್ರ ಕಾಲಿಂಗ್ ಕನ್ವೆನ್ಷನ್ (ಫಂಕ್ಷನ್ ಕರೆಯುವ ಪದ್ಧತಿ) ನೋಡಿಕೊಳ್ಳಿ. 32 ಬಿಟ್‌ನಲ್ಲಿ ಸಿಡೆಕ್ಲ್, ಎಸ್‌ಟಿಡಿಕಾಲ್ ಬೇರೆ ಬೇರೆ. ತಪ್ಪಾದರೆ ಸ್ಟ್ಯಾಕ್ ಕೆಡುತ್ತದೆ.

ಮಾತುಕತೆಗೆ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಪೈಪ್‌ಗಳೇ ಸಾಕು: ಮೊದಲು 4 ಬೈಟ್ ಉದ್ದ, ಆಮೇಲೆ ಸಂದೇಶ. ವಿಂಡೋಸ್‌ನಲ್ಲಿ ಪೈಪನ್ನು ಬೈನರಿ ಮೋಡ್‌ಗೆ ಹಾಕಲು ಮರೆಯಬೇಡಿ. ಟೆಕ್ಸ್ಟ್ ಮೋಡ್‌ನಲ್ಲಿ 10 ಎಂಬ ಬೈಟ್‌ನ ಮುಂದೆ 13 ಸೇರಿಕೊಂಡು ಉದ್ದದ ಲೆಕ್ಕ ತಪ್ಪುತ್ತದೆ. ವೆಂಡರ್ ಕೋಡ್ ಪ್ರಿಂಟ್‌ಎಫ್ ಮಾಡಿದರೆ ಅದೂ ನಿಮ್ಮ ಸಂದೇಶದ ನಡುವೆ ಬಂದು ಬೀಳುತ್ತದೆ. ಆದ್ದರಿಂದ ಸಹಾಯಕ ಶುರುವಾದ ಕೂಡಲೇ ಮೂಲ ಔಟ್‌ಪುಟ್‌ನ ನಕಲು ಹ್ಯಾಂಡಲ್ ಇಟ್ಟುಕೊಂಡು, ಸ್ಟ್ಯಾಂಡರ್ಡ್ ಔಟ್‌ಪುಟ್ಟನ್ನು ಎರರ್ ಕಡೆಗೆ ತಿರುಗಿಸಿ.

ಸೀರಿಯಲ್ ಪೋರ್ಟ್ ಓದುವ ಕೋಡ್ ಕ್ರ್ಯಾಶ್ ಆಗುವುದಕ್ಕಿಂತ ಹೆಚ್ಚಾಗಿ ನೇತುಬೀಳುತ್ತದೆ. ಒಂದೇ ಪ್ರೊಸೆಸ್ ಒಳಗೆ ನೇತುಬಿದ್ದ ಥ್ರೆಡ್ಡನ್ನು ಸುರಕ್ಷಿತವಾಗಿ ಕೊಲ್ಲುವ ದಾರಿ ಇಲ್ಲ. ಬೇರೆ ಪ್ರೊಸೆಸ್ ಆದರೆ ಟೈಮ್ಔಟ್ ಮುಗಿದ ಕೂಡಲೇ ಕೊಂದು ಹೊಸದನ್ನು ಎಬ್ಬಿಸಬಹುದು.

ಆಡಿಯೋ ಲೋಕದಲ್ಲಿ ಹಲವು ಹೋಸ್ಟ್‌ಗಳು ಪ್ಲಗಿನ್‌ಗಳನ್ನು ಮೊದಲು ಬೇರೆ ಪ್ರೊಸೆಸ್‌ನಲ್ಲಿ ಸ್ಕ್ಯಾನ್ ಮಾಡುತ್ತವೆ. ಚಿತ್ರ ತಿದ್ದುವ ಗಿಂಪ್ ತನ್ನ ಪ್ಲಗಿನ್‌ಗಳನ್ನು ಓಡಿಸುವುದೂ ಬೇರೆ ಪ್ರೊಸೆಸ್‌ನಲ್ಲೇ. ಆಡಿಯೋದಲ್ಲಿ ಕೆಲವೇ ಮಿಲಿಸೆಕೆಂಡ್‌ನಲ್ಲಿ ಬಫರ್ ತುಂಬಬೇಕಾದ್ದರಿಂದ ಪ್ರೊಸೆಸ್ ಬೇರೆ ಮಾಡಲು ಯೋಚಿಸಬೇಕು. ಗೇಜ್‌ನಿಂದ ಸೆಕೆಂಡಿಗೆ ಬೆರಳೆಣಿಕೆಯ ಅಳತೆಗಳು ಬರುತ್ತವೆ, ಪೈಪ್‌ನ ಖರ್ಚು ಲೆಕ್ಕಕ್ಕೇ ಇಲ್ಲ.

ಠಾಣೆ_ಕ್ಯೂಟಿ

ಆ್ಯಪ್ ಕ್ಯೂಟಿ ಎಂಬ ಸಿ++ ಫ್ರೇಮ್‌ವರ್ಕ್‌ನಲ್ಲಿದ್ದು, ಎಲ್ಲ ಪ್ಲಗಿನ್ ನಿಮ್ಮ ತಂಡದ್ದೇ ಆಗಿದ್ದರೆ ಕ್ಯೂಪ್ಲಗಿನ್‌ಲೋಡರ್ ಬಳಸಬಹುದು. ಪ್ಲಗಿನ್ ಒಳಗಿನ ಜೇಸನ್ ಮಾಹಿತಿಯನ್ನು ಅದರ ಕೋಡ್ ಓಡಿಸದೆಯೇ ಓದಲು ಬರುತ್ತದೆ, ಇದು ನಿಜಕ್ಕೂ ಉಪಯುಕ್ತ. ಹೊಸ ಕ್ಯೂಟಿಯಲ್ಲಿ ಕಟ್ಟಿದ ಪ್ಲಗಿನ್ ಹಳೆಯ ಕ್ಯೂಟಿಯ ಆ್ಯಪ್‌ಗೆ ಹಿಡಿಸುವುದಿಲ್ಲ. ಕ್ಯೂಟಿ_ಡೀಬಗ್_ಪ್ಲಗಿನ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ 1 ಮಾಡಿದರೆ ಕಾರಣ ಲಾಗ್‌ನಲ್ಲಿ ಬರುತ್ತದೆ. ವೆಂಡರ್‌ಗಳಿಗೆ ಮಾತ್ರ ಇದು ಬೇಡ, ಅವರನ್ನು ನಿಮ್ಮ ಕ್ಯೂಟಿ ಆವೃತ್ತಿಗೆ ಕಟ್ಟಿಹಾಕಿದಂತಾಗುತ್ತದೆ.

ಹಿಂಜವಡಿ_ಸಿಮೇಕ್ (ಪುಣೆ)

ಆ್ಯಪ್ ನಡೆಯುವಾಗಲೇ ಬದಲಿಸುವ ಪ್ರಶ್ನೆ ಉಳಿಯಿತು. ಸಾಧ್ಯವಿದೆ ಎನ್ನುವುದು ನನ್ನ ಅಭಿಪ್ರಾಯ. ವಿಂಡೋಸ್‌ನಲ್ಲಿ ಲೋಡ್ ಆದ ಡಿಎಲ್ಎಲ್ ಮೇಲೆ ಬರೆಯಲಾಗದು, ಆದ್ದರಿಂದ ತಾತ್ಕಾಲಿಕ ಫೋಲ್ಡರ್‌ಗೆ ಹೊಸ ಹೆಸರಿನಲ್ಲಿ ನಕಲು ಮಾಡಿ ಆ ನಕಲನ್ನು ಲೋಡ್ ಮಾಡಬೇಕು. ಮೂಲ ಫೈಲ್ ಬದಲಾದಾಗ ಡಿಸ್ಟ್ರಾಯ್ ಕರೆದು, ಫ್ರೀಲೈಬ್ರರಿ ಮಾಡಿ, ಹೊಸ ನಕಲು ಲೋಡ್ ಮಾಡುವುದು.

ಮಾಟುಂಗಾ_ಸಿ (ಮುಂಬಯಿ)

ಡೆವಲಪರ್ ಮೇಜಿನ ಮೇಲೆ ಒಪ್ಪುತ್ತೇನೆ, ಶಾಪ್ ಫ್ಲೋರ್‌ನಲ್ಲಿ ಒಪ್ಪುವುದಿಲ್ಲ. ಡಿಸ್ಟ್ರಾಯ್ ಕರೆದರೂ ಪ್ಲಗಿನ್‌ನ ಕುರುಹು ಪ್ರೊಸೆಸ್‌ನಲ್ಲಿ ಉಳಿಯಬಹುದು: ಅದು ಹುಟ್ಟಿಸಿದ ಥ್ರೆಡ್, ನೋಂದಾಯಿಸಿದ ಕಾಲ್‌ಬ್ಯಾಕ್, ಎಟ್‌ಎಕ್ಸಿಟ್ ಫಂಕ್ಷನ್, ಅದರ ಒಳಗಿನ ಸ್ಥಿರ ಸ್ಟ್ರಿಂಗ್‌ಗೆ ಹೋಸ್ಟ್ ಇಟ್ಟುಕೊಂಡ ಪಾಯಿಂಟರ್. ಕೋಡ್ ಇಳಿದ ಮೇಲೆ ಇವುಗಳಲ್ಲಿ ಒಂದನ್ನು ಮುಟ್ಟಿದರೂ ಕ್ರ್ಯಾಶ್. ಆಗ ಸ್ಟ್ಯಾಕ್ ಟ್ರೇಸ್‌ನಲ್ಲಿ ಪ್ಲಗಿನ್‌ನ ಹೆಸರೂ ಕಾಣುವುದಿಲ್ಲ.

ಲಿನಕ್ಸ್‌ನಲ್ಲಿ ಡಿಎಲ್‌ಕ್ಲೋಸ್ ನಿಜವಾಗಿ ಇಳಿಸುತ್ತದೆ ಎನ್ನುವ ಭರವಸೆಯೂ ಇಲ್ಲ. ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯಲ್ಲಿ ಅದು ಏನನ್ನೂ ಇಳಿಸುವುದಿಲ್ಲ. ಜಿಲಿಬ್‌ಸಿಯಲ್ಲಿ, ಜಿಸಿಸಿ ಕೆಲವು ಟೆಂಪ್ಲೇಟ್ ಮತ್ತು ಇನ್‌ಲೈನ್ ಫಂಕ್ಷನ್‌ಗಳ ಸ್ಟ್ಯಾಟಿಕ್‌ಗಳಿಗೆ ಯೂನಿಕ್ ಸಿಂಬಲ್ ಹಾಕುವುದರಿಂದ ಆ ಲೈಬ್ರರಿ ಪ್ರೊಸೆಸ್ ಮುಗಿಯುವವರೆಗೂ ಅಂಟಿಕೊಂಡಿರುತ್ತದೆ. ಆಗ ಹೊಸ ಪ್ಲಗಿನ್ ಬಂದರೂ ಹಳೆಯದರ ಸ್ಟ್ಯಾಟಿಕ್ ಮೌಲ್ಯ ಅದಕ್ಕೆ ಸಿಗುತ್ತದೆ. ಡಿಎಲ್ಎಲ್ ಏರುವಾಗ, ಇಳಿಯುವಾಗ ಓಡುವ ವಿಂಡೋಸ್‌ನ ಡಿಎಲ್ಎಲ್‌ಮೇನ್‌ನಲ್ಲಿ ಥ್ರೆಡ್ ಮುಗಿಯಲೆಂದು ಕಾದರೆ ಲೋಡರ್ ಲಾಕ್‌ನಲ್ಲಿ ಸಿಕ್ಕಿ ಇಡೀ ಆ್ಯಪ್ ನಿಲ್ಲುತ್ತದೆ.

ಅಂಧೇರಿಯವರು ಹೇಳಿದ ಸಹಾಯಕ ಪ್ರೊಸೆಸ್ ಇರುವಾಗ ಈ ಕಷ್ಟ ಏಕೆ? ಹೊಸ ಫೈಲ್ ಇಟ್ಟು, ಸಹಾಯಕನನ್ನು ಮುಗಿಸಿ, ಮತ್ತೆ ಶುರು ಮಾಡಿ. ಓಎಸ್ ಎಲ್ಲವನ್ನೂ ಗುಡಿಸಿ ಹಾಕುತ್ತದೆ.

ಹಿಂಜವಡಿ_ಸಿಮೇಕ್ (ಪುಣೆ)

ಸಹಾಯಕ ಪ್ರೊಸೆಸ್ ಇದ್ದರೆ ನನ್ನ ವಾದಕ್ಕೆ ಜಾಗವಿಲ್ಲ, ಒಪ್ಪಿದೆ. ನಕಲು ಮಾಡುವ ವಿಧಾನ ಡೀಬಗ್ ಬಿಲ್ಡ್‌ಗೆ ಇರಲಿ. ವಿಷುವಲ್ ಸ್ಟುಡಿಯೋ ಡೀಬಗರ್ ಪಿಡಿಬಿ (ಡೀಬಗ್ ಮಾಹಿತಿಯ) ಫೈಲನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಪ್ರತಿ ಬಿಲ್ಡ್‌ಗೆ ಪಿಡಿಬಿ ಹೆಸರನ್ನೂ ಬದಲಿಸಬೇಕು.

ಭೋಸರಿ_ಗೇಜ್ (ಪುಣೆ)

ಹೀಗೆ ಮಾಡುತ್ತಿದ್ದೇವೆ: ಸಿ ಗಡಿ, ಪ್ಲಗಿನ್‌ಗೊಂದು ಫೋಲ್ಡರ್, ನಮ್ಮ ಡ್ರೈವರ್ ಪ್ಲಗಿನ್‌ಗಳು ಆ್ಯಪ್‌ನ ಪ್ರೊಸೆಸ್ ಒಳಗೆ, ವೆಂಡರ್‌ಗಳದ್ದು ಸಹಾಯಕ ಪ್ರೊಸೆಸ್‌ನಲ್ಲಿ. ಒಳಗೆ ಲೋಡ್ ಆಗುವ ನಮ್ಮವಕ್ಕೆ ಇನ್ನೇನಾದರೂ ಕಟ್ಟುನಿಟ್ಟು ಬೇಕೇ?

ವೆರ್ಣಾ_ಲಿನಕ್ಸ್ (ಗೋವಾ)

ಎರಡು ಐತ್ರಿ. ಲೋಡ್ ಮಾಡೋಕಿಂತ ಮೊದಲು ಆ ಪ್ಲಗಿನ್ ಹೆಸರನ್ನ ಒಂದು ಫೈಲಿಗೆ ಬರೀರಿ, ಎಂಟ್ರಿ ಫಂಕ್ಷನ್ ಸುರಳೀತ ತಿರುಗಿ ಬಂದ ಮ್ಯಾಲೆ ಅಳಿಸ್ರಿ. ಮುಂದಿನ ಸಲ ಆ್ಯಪ್ ಶುರು ಆದಾಗ ಆ ಹೆಸರು ಹಂಗೇ ಉಳಿದಿದ್ರ ಹಿಂದಿನ ಸಲ ಅಲ್ಲೇ ಬಿದ್ದೈತಿ ಅಂತ ಅರ್ಥ. ಅದನ್ನ ಬಿಟ್ಟು ಉಳಿದವನ್ನ ಲೋಡ್ ಮಾಡಿ, ಆಪರೇಟರ್‌ಗೆ ಹೇಳ್ರಿ.

ಎರಡನೇದು ಅಳತೆ ಆ್ಯಪ್‌ಗೆ ಭಾಳ ಅಪಾಯದ್ದು. ಲೊಕೇಲ್ (ಭಾಷೆ, ಅಂಕಿ ಬರೆಯೋ ಪದ್ಧತಿ) ಬದಲಿಸೋ ಸೆಟ್‌ಲೊಕೇಲ್ ಇಡೀ ಪ್ರೊಸೆಸ್‌ಗೆ ಹತ್ತತೈತಿ. ಯಾವುದೋ ಒಂದು ಲೈಬ್ರರಿ ಜರ್ಮನ್ ಲೊಕೇಲ್ ಇಟ್ರ ದಶಮಾಂಶಕ್ಕ ಚುಕ್ಕಿ ಹೋಗಿ ಕಾಮಾ ಬರತೈತಿ. ಆಮ್ಯಾಲೆ ಅಕ್ಷರಗಳನ್ನ ಸಂಖ್ಯೆ ಮಾಡೋ ಎಸ್‌ಟಿಆರ್‌ಟಿಓಡಿಗೆ 12.05 ಅಂತ ಕೊಟ್ರ ಅದು 12 ಅಂತ ಓದಿ ಸುಮ್ಮನಾಗತೈತಿ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ರಿಪೋರ್ಟ್‌ನ್ಯಾಗ ಅಳತೆ ಮಾತ್ರ ಸುಳ್ಳು. ಗೇಜ್‌ನಿಂದ ಬಂದ ಅಕ್ಷರಗಳನ್ನ ಸಂಖ್ಯೆ ಮಾಡಲಿಕ್ಕೆ ಸಿ++ 17ರ ಫ್ರಮ್_ಚಾರ್ಸ್ ಬಳಸ್ರಿ, ಅದು ಲೊಕೇಲ್ ನೋಡೂದಿಲ್ಲ. ಡಬಲ್‌ಗೆ ಅದು ಜಿಸಿಸಿ 11ರಿಂದ ಐತಿ. ಪ್ರತಿ ಪ್ಲಗಿನ್ ಲೋಡ್ ಆದ ಕೂಡಲೇ ಲೊಕೇಲ್‌ಕಾನ್ವ್ ಕರೆದು ದಶಮಾಂಶದ ಗುರುತು ಇನ್ನೂ ಚುಕ್ಕಿನೇ ಐತೇನು ಅಂತ ನೋಡ್ರಿ. ಬದಲಾಗಿದ್ರ ಆ ಪ್ಲಗಿನ್ ಹೆಸರು ಲಾಗ್ ಮಾಡಿ ಅಲ್ಲೇ ತಡೀರಿ.